ಕಿಲಿಮಂಜಾರೊ ಆರೋಹಣ

ಕಿಲಿಮಂಜಾರೊ ಆಫ್ರಿಕಾ ಖಂಡದ ಅತಿ ಎತ್ತರದ ಪರ್ವತ. ಟಾಂಜಾನಿಯಾದ ಈಶಾನ್ಯ ಭಾಗದಲ್ಲಿ, ಕೆನ್ಯಾದ ಗಡಿಗೆ ಅಂಟಿಕೊಂಡಂತೆ, ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಮೂರು ಡಿಗ್ರಿ ದೂರದಲ್ಲಿದೆ. ಇದರ ತುದಿಯಾದ ಉಹುರು ಶಿಖರದ ಎತ್ತರ 5,895 ಮೀಟರ್. ಯಾವ ಶ್ರೇಣಿಗೂ ಸೇರದೆ ಬಯಲಿನಲ್ಲಿ ಒಂಟಿಯಾಗಿ ಎದ್ದು ನಿಂತ ಪರ್ವತಗಳಲ್ಲಿ ಜಗತ್ತಿನಲ್ಲೇ ಇದು ಎತ್ತರವಾದದ್ದು. ಸಾಮಾನ್ಯ ದಾರಿಗಳಲ್ಲಿ ಹಗ್ಗ, ಹಿಮಗೊಡಲಿ, ಬಂಡೆ ಹತ್ತುವ ತರಬೇತಿ ಯಾವುದೂ ಇಲ್ಲದೆ ಕಾಲ್ನಡಿಗೆಯಲ್ಲೇ ತುದಿ ಮುಟ್ಟಬಹುದಾದ್ದರಿಂದ ವರ್ಷಕ್ಕೆ ಸುಮಾರು 50,000 ಜನ ಇಲ್ಲಿಗೆ ಬರುತ್ತಾರೆ. ಆದರೆ ಅವರಲ್ಲಿ ಯಾರೂ ಒಬ್ಬರೇ ಹತ್ತುವುದಿಲ್ಲ. 1991ರಿಂದ ಪರವಾನಗಿ ಪಡೆದ ಗೈಡ್ ಜೊತೆಗಿಲ್ಲದೆ ಬೆಟ್ಟ ಏರಲು ಇಲ್ಲಿನ ರಾಷ್ಟ್ರೀಯ ಉದ್ಯಾನದ ನಿಯಮವೇ ಬಿಡುವುದಿಲ್ಲ. ಗೈಡ್ ಹಿಂದೆ ಸಹಾಯಕ ಗೈಡ್, ಅಡುಗೆಯವನು, ಟೆಂಟು ಅಕ್ಕಿ ನೀರು ಗ್ಯಾಸ್ ಹೊರುವ ಪೋರ್ಟರ್‌ಗಳು ಇರುತ್ತಾರೆ. ಒಬ್ಬ ಪ್ರವಾಸಿಗೆ ಸಾಮಾನ್ಯವಾಗಿ ಮೂವರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸ್ಥಳೀಯರು ದುಡಿಯುತ್ತಾರೆ. ಈ ಪರ್ವತದ ಆರೋಹಣದ ಚರಿತ್ರೆಯನ್ನು ಬಹುಕಾಲ ಅವರ ಹೆಸರಿಲ್ಲದೆ ಬರೆಯಲಾಯಿತು. ಅವರನ್ನು ಬಿಟ್ಟರೆ ಈ ಆರೋಹಣವೇ ಇಲ್ಲ.

ಪರ್ವತದ ರೂಪ

ಕಿಲಿಮಂಜಾರೊ ಮೂರು ಜ್ವಾಲಾಮುಖಿಗಳು ಕೂಡಿ ಆದದ್ದು. ಪಶ್ಚಿಮದ ಶಿರಾ ಎಲ್ಲಕ್ಕಿಂತ ಹಳೆಯದು. ಅದು ಕುಸಿದು ಸವೆದು ಈಗ ಸುಮಾರು 3,800 ಮೀಟರ್ ಎತ್ತರದ ವಿಶಾಲ ಪ್ರಸ್ಥಭೂಮಿಯಾಗಿದೆ. ಪೂರ್ವದ ಮಾವೆಂಜಿ 5,149 ಮೀಟರ್ ಎತ್ತರದ, ಹರಿತ ಅಂಚುಗಳ ಕಲ್ಲುಶಿಖರ. ಅದನ್ನು ಏರುವುದು ನುರಿತ ಪರ್ವತಾರೋಹಿಗಳಿಗೆ ಮಾತ್ರ ಸಾಧ್ಯ. 1912ರಲ್ಲಿ ಜರ್ಮನಿಯ ಎಡ್ವರ್ಡ್ ಓಯ್ಲರ್ ಮತ್ತು ಫ್ರಿಟ್ಜ್ ಕ್ಲೂಟೆ ಮೊದಲು ಏರಿದರು. ಇವೆರಡರ ನಡುವಿನ ಕಿಬೊ ಎಲ್ಲಕ್ಕಿಂತ ಎತ್ತರದ್ದು, ವಯಸ್ಸಿನಲ್ಲಿ ಎಳೆಯದು. ಉಹುರು ಶಿಖರ ಎಂದರೆ ಕಿಬೊದ ಜ್ವಾಲಾಕುಂಡದ ಅಂಚಿನ ಅತಿ ಎತ್ತರದ ಜಾಗ. ಕಿಬೊ ದೊಡ್ಡದಾಗಿ ಸಿಡಿದು ಒಂದೂವರೆ ಲಕ್ಷ ವರ್ಷಗಳ ಮೇಲಾಗಿದೆ. ಆದರೂ ಕುಂಡದೊಳಗೆ ಕೆಲವೆಡೆ ಇಂದಿಗೂ ಗಂಧಕದ ವಾಸನೆಯ ಬಿಸಿ ಉಗಿ ಏಳುತ್ತದೆ. ಹೀಗಾಗಿ ಭೂವಿಜ್ಞಾನಿಗಳು ಅದನ್ನು ಸತ್ತ ಜ್ವಾಲಾಮುಖಿ ಎನ್ನದೆ ನಿದ್ರಿಸುತ್ತಿರುವ ಜ್ವಾಲಾಮುಖಿ ಎನ್ನುತ್ತಾರೆ.

ಬುಡದಿಂದ ತುದಿಗೆ ನಡೆಯುವವರು ನಾಲ್ಕಾರು ದಿನಗಳಲ್ಲಿ ಹಲವು ಹವಾಮಾನಗಳನ್ನು ದಾಟುತ್ತಾರೆ. 1,800 ಮೀಟರ್‌ವರೆಗೆ ಬಾಳೆ, ಕಾಫಿ, ಮೆಕ್ಕೆಜೋಳದ ತೋಟ. ಅಲ್ಲಿಂದ ಸುಮಾರು 2,800 ಮೀಟರ್‌ವರೆಗೆ ಪಾಚಿ ಜೋತುಬಿದ್ದ ಮಳೆಕಾಡು; ನೀಲಿ ಕೋತಿಗಳೂ ಕಪ್ಪು ಬಿಳುಪಿನ ಉದ್ದ ಬಾಲದ ಕೊಲೊಬಸ್ ಕೋತಿಗಳೂ ಕಾಣುತ್ತವೆ. ಮೋಡ ಕಾಡಿನಲ್ಲೇ ತಂಗುವುದರಿಂದ ದಕ್ಷಿಣದ ಇಳಿಜಾರಿನ ನೀರಿಗೆ ಈ ಕಾಡೇ ಮೂಲ. ಊರುಗಳ ನೀರು ತುದಿಯ ಹಿಮದಿಂದ ಬರುತ್ತದೆಂದು ಪ್ರವಾಸಿಗಳು ತಿಳಿಯುವುದುಂಟು. ವಾಸ್ತವದಲ್ಲಿ ಅದರ ಬಹುಪಾಲನ್ನು ಈ ಕಾಡಿನ ಮಳೆಯೇ ಕೊಡುತ್ತದೆ. ಕಾಡು ಮುಗಿದ ಮೇಲೆ ಪೊದೆಗಳ ಬಯಲು. ಅಲ್ಲಿ ಆಳಿಗಿಂತ ಎತ್ತರಕ್ಕೆ ಬೆಳೆಯುವ ದೈತ್ಯ ಸೆನೆಸಿಯೊ ಮರಗಳು ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೇ ಸುತ್ತಿಕೊಂಡು ಚಳಿ ತಡೆಯುತ್ತವೆ. ಲೊಬೀಲಿಯಾ ಗಿಡ ರಾತ್ರಿ ಎಲೆಗಳನ್ನು ಮುಚ್ಚಿ ನಡುವಿನ ಮೊಗ್ಗನ್ನು ಕಾಪಾಡಿಕೊಳ್ಳುತ್ತದೆ. 4,000 ಮೀಟರ್ ದಾಟಿದರೆ ಕಲ್ಲು, ಬೂದಿ ಮತ್ತು ಗಾಳಿಯ ಮರುಭೂಮಿ. ಹಗಲು ಸುಡುವ ಬಿಸಿಲು, ರಾತ್ರಿ ನೀರಿನ ಬಾಟಲಿಯೊಳಗೆ ಮಂಜುಗಡ್ಡೆ.

ಚಾಗಾ ಜನ

ಪರ್ವತದ ದಕ್ಷಿಣ ಮತ್ತು ಪೂರ್ವದ ಇಳಿಜಾರುಗಳಲ್ಲಿ ಚಾಗಾ ಜನ ತಲೆಮಾರುಗಳಿಂದ ಬದುಕುತ್ತಾ ಬಂದಿದ್ದಾರೆ. ಕಿಹಂಬಾ ಎಂಬ ಅವರ ಹಿತ್ತಿಲ ತೋಟವನ್ನು ನೋಡಿದರೆ ಮಲೆನಾಡಿನವರಿಗೆ ಅಪರಿಚಿತವೆನ್ನಿಸದು. ಮೇಲೆ ನೆರಳಿನ ಮರ, ಅದರಡಿ ಬಾಳೆ, ಬಾಳೆಯಡಿ ಕಾಫಿ, ನೆಲದಲ್ಲಿ ಗೆಡ್ಡೆ ತರಕಾರಿ, ಪಕ್ಕದಲ್ಲಿ ಕೊಟ್ಟಿಗೆ. ತೊರೆಗಳ ನೀರನ್ನು ಮೈಲುಗಟ್ಟಲೆ ತಿರುಗಿಸಿ ತರುವ ಕಾಲುವೆಗಳನ್ನು ವಸಾಹತು ಕಾಲಕ್ಕೂ ಮೊದಲೇ ಅವರು ತೋಡಿದ್ದರು. ಈ ತೋಟಗಳಿಗೂ ನಮ್ಮ ನಾಡಿಗೂ ನಿಜವಾದ ನಂಟೊಂದಿದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಎಸ್ಟೇಟೊಂದರಲ್ಲಿ ತುಕ್ಕುರೋಗ ತಡೆಯುವ ಗುಣಕ್ಕಾಗಿ ಆರಿಸಿದ 'ಕೆಂಟ್' ಎಂಬ ಅರೇಬಿಕಾ ತಳಿ ಪೂರ್ವ ಆಫ್ರಿಕಕ್ಕೆ ಹೋಯಿತು. ಬೆಟ್ಟದ ಬುಡದ ಪಟ್ಟಣವಾದ ಮೋಶಿಯ ಬಳಿಯ ಲ್ಯಾಮುಂಗು ಸಂಶೋಧನಾ ಕೇಂದ್ರ ಅದರಿಂದ ಆಯ್ದ ತಳಿಯನ್ನು ರೈತರಿಗೆ ಹಂಚಿತು. ಚಾಗಾ ರೈತರು 1933ರಲ್ಲಿ ಕಟ್ಟಿಕೊಂಡ ಕಿಲಿಮಂಜಾರೊ ನೇಟಿವ್ ಕೋಆಪರೇಟಿವ್ ಯೂನಿಯನ್ ಆಫ್ರಿಕದ ಹಳೆಯ ಕಾಫಿ ಸಹಕಾರ ಸಂಘಗಳಲ್ಲಿ ಒಂದು.

ಹಿಮದ ಎತ್ತರಕ್ಕೆ ಹೋಗಬೇಕಾದ ಅಗತ್ಯ ಈ ಜನರಿಗೆ ಇರಲಿಲ್ಲ, ಅದರ ಅಪಾಯ ಮಾತ್ರ ಗೊತ್ತಿತ್ತು. ತುದಿಯಲ್ಲಿ ಹೊಳೆಯುವುದೇನೆಂದು ತಿಳಿಯಲು ಇಳಿಜಾರಿನ ಚಾಗಾ ಸೀಮೆಗಳಲ್ಲಿ ಒಂದಾದ ಮಚಾಮೆಯ ಅರಸ ರೆಂಗುವಾ ಒಂದು ತಂಡವನ್ನೇ ಕಳಿಸಿದನೆಂದೂ, ಕೈಕಾಲು ಹಿಮಕ್ಕೆ ಸೆಟೆದು ಹಾಳಾದ ಒಬ್ಬನೇ ಮರಳಿದನೆಂದೂ ಅಲ್ಲಿನ ಹಿರಿಯರು 19ನೇ ಶತಮಾನದ ಮಧ್ಯದಲ್ಲಿ ಮಿಷನರಿಗಳಿಗೆ ಹೇಳಿದ್ದರು. ಇದನ್ನು ಮೂಢನಂಬಿಕೆಯ ಕಥೆಯೆಂದು ಬರೆದವರಿದ್ದಾರೆ. ಬೆಚ್ಚನೆಯ ಬಟ್ಟೆಯಿಲ್ಲದೆ ಆ ಎತ್ತರಕ್ಕೆ ಹೋದವರಿಗೆ ಆಗುವುದು ಅದೇ ಆದ್ದರಿಂದ ಇದನ್ನು ಅನುಭವದ ವರದಿಯೆಂದೇ ಓದಬೇಕು.

ಮೊದಲ ಆರೋಹಣ

ಜರ್ಮನ್ ಮಿಷನರಿ ಯೋಹಾನೆಸ್ ರೆಬ್ಮನ್ 1848ರ ಮೇ 11ರಂದು ಈ ಪರ್ವತದ ಹಿಮವನ್ನು ಕಂಡು ಬರೆದರು. ಭೂಮಧ್ಯರೇಖೆಯ ಬಳಿ ಹಿಮ ಇರಲಾರದೆಂದು ಲಂಡನ್ನಿನ ಭೂಗೋಳ ಪಂಡಿತ ಡೆಸ್ಬರೊ ಕೂಲಿ ಅವರನ್ನು ತಳ್ಳಿಹಾಕಿದರು. 1861 ಮತ್ತು 1862ರಲ್ಲಿ ಬ್ಯಾರನ್ ಫಾನ್ ಡೆರ್ ಡೆಕೆನ್ ಸ್ವಲ್ಪ ಎತ್ತರ ಹತ್ತಿ, ಹಿಮ ಬೀಳುವುದನ್ನು ನೋಡಿ ಬಂದ ಮೇಲೆ ವಾದ ನಿಂತಿತು. 1871ರಲ್ಲಿ ಚಾರ್ಲ್ಸ್ ನ್ಯೂ ಹಿಮದ ಗಡಿ ಮುಟ್ಟಿದರು.

ಮೊದಲು ತುದಿ ತಲುಪಿದವರು ಲೈಪ್‌ಜಿಗ್‌ನ ಪ್ರಕಾಶಕ ಮನೆತನದ ಹಾನ್ಸ್ ಮೇಯರ್ ಮತ್ತು ಆಸ್ಟ್ರಿಯಾದ ಪರ್ವತಾರೋಹಿ ಲುಡ್ವಿಗ್ ಪುರ್ಟ್‌ಶೆಲರ್. ಮೇಯರ್ 1887ರಲ್ಲಿ ಪ್ರಯತ್ನಿಸಿ ಹಿಮದ ಗೋಡೆಯ ಮುಂದೆ ಸೋತಿದ್ದರು. 1888ರಲ್ಲಿ ಕರಾವಳಿಯ ದಂಗೆಯಲ್ಲಿ ಸೆರೆಸಿಕ್ಕು, ಹಣ ತೆತ್ತು ಬಿಡಿಸಿಕೊಂಡರು. 1889ರಲ್ಲಿ ಗೆದ್ದದ್ದಕ್ಕೆ ಕಾರಣ ಹೊಸ ಏರ್ಪಾಟು. ಆಗ್ನೇಯ ಇಳಿಜಾರಿನ ಊರಾದ ಮರಂಗುವಿನಿಂದ ಮೇಲಕ್ಕೆ ಹಂತಹಂತವಾಗಿ ಬಿಡಾರ ಹೂಡಿ, ಪೋರ್ಟರ್‌ಗಳು ಕೆಳಗಿನಿಂದ ಆಹಾರವನ್ನೂ ಸೌದೆಯನ್ನೂ ಮೇಲಕ್ಕೆ ಸಾಗಿಸುತ್ತಲೇ ಇರುವಂತೆ ಮಾಡಿದರು. ಹಿಂದಿನವರಲ್ಲಿ ಕೆಲವರು ಆಹಾರ ಸಾಲದೆ ಇಳಿದಿದ್ದರೆ ಇವರು ಮೇಲೆಯೇ ಉಳಿಯಬಲ್ಲವರಾದರು. ಮೇಲಿನ ಬಿಡಾರದಲ್ಲಿ ಕರಾವಳಿಯ ಪಾಂಗನಿಯ ಮ್ವಿನಿ ಅಮಾನಿ ಚಳಿಯಲ್ಲಿ ಅವರೊಂದಿಗೆ ನಿಂತರು. ಅಕ್ಟೋಬರ್ 3ರಂದು ಹಿಮದಲ್ಲಿ ಮೆಟ್ಟಿಲು ಕಡಿಯುತ್ತ ಕುಂಡದ ಅಂಚು ಮುಟ್ಟಿದಾಗ ತುದಿ ಇನ್ನೂ ದೂರವಿರುವುದು ಕಂಡಿತು. ಅಕ್ಟೋಬರ್ 6ರಂದು ಮತ್ತೆ ಹತ್ತಿ ತುದಿಗೆ 'ಕೈಸರ್ ವಿಲ್‌ಹೆಲ್ಮ್ ಶಿಖರ' ಎಂದು ಹೆಸರಿಟ್ಟರು. ಎರಡನೆಯ ಬಾರಿ ಮನುಷ್ಯರು ಅಲ್ಲಿ ಕಾಲಿಟ್ಟದ್ದು ಇಪ್ಪತ್ತು ವರ್ಷಗಳ ನಂತರ, 1909ರಲ್ಲಿ.

ಮರಂಗುವಿನ ಜನ ಈ ಕಥೆಯಲ್ಲಿ ಇನ್ನೊಂದು ಹೆಸರನ್ನು ಹೇಳುತ್ತಾರೆ: ಯೋಹಾನಿ ಕಿನ್ಯಾಲಾ ಲಾವೊ. ಹದಿಹರೆಯದ ಹುಡುಗನಾಗಿದ್ದಾಗ ಮೇಯರ್ ತಂಡಕ್ಕೆ ಕಾಡಿನ ದಾರಿ ತೋರಿಸಿದವರು ಅವರೇ ಎಂಬುದು ಊರಿನ ಮಾತು. ಮುಂದೆ ಅವರು ದಶಕಗಳ ಕಾಲ ಗೈಡ್ ಆಗಿ ದುಡಿದರು. 1989ರಲ್ಲಿ ಮೊದಲ ಆರೋಹಣದ ಶತಮಾನೋತ್ಸವ ನಡೆದಾಗ ಇನ್ನೂ ಬದುಕಿದ್ದರು. ಸರ್ಕಾರ ಅವರಿಗೆ ಮನೆ ಕಟ್ಟಿಸಿಕೊಟ್ಟಿತು. 1996ರಲ್ಲಿ ತೀರಿಕೊಂಡಾಗ ಅವರ ವಯಸ್ಸು 125ರ ಆಸುಪಾಸು ಎಂದು ಹೇಳಲಾಯಿತು. ಆ ಲೆಕ್ಕವನ್ನು ಒಪ್ಪದ ಸಂಶೋಧಕರಿದ್ದಾರೆ. ಅವರ ವಯಸ್ಸಿನ ಬಗ್ಗೆ ನಡೆದಷ್ಟು ಚರ್ಚೆ 1889ರ ತಂಡದ ಉಳಿದ ಹೊರೆಯಾಳುಗಳ ಹೆಸರು ಹುಡುಕಲು ನಡೆದಿದ್ದರೆ ಚರಿತ್ರೆಗೆ ಹೆಚ್ಚು ಲಾಭವಾಗುತ್ತಿತ್ತು. ಮರಂಗು ದ್ವಾರದಲ್ಲಿ ಆ ಆರೋಹಣಕ್ಕೆ ನೆರವಾದ ಆಫ್ರಿಕನ್ನರ ನೆನಪಿಗೆ ಈಗ ಫಲಕವಿದೆ.

ಆರೋಹಣದ ಜೊತೆಗೆ ಬಂದದ್ದು ಜರ್ಮನ್ ಆಡಳಿತ. ಅದನ್ನು ಎದುರಿಸಿದ ಮೋಶಿಯ ಅರಸ ಮಂಗಿ ಮೇಲಿಯನ್ನು 1900ರಲ್ಲಿ ಗಲ್ಲಿಗೇರಿಸಿದರು. ಮರಂಗು ದಾರಿಯಲ್ಲಿ ಜರ್ಮನ್ನರು ಕಟ್ಟಿದ ಗುಡಿಸಲುಗಳಿಗೆ ಬಿಸ್ಮಾರ್ಕ್ ಮತ್ತು ಕಾರ್ಲ್ ಪೀಟರ್ಸ್ ಹೆಸರಿದ್ದವು. ಪೀಟರ್ಸ್ ಈ ಸೀಮೆಯಲ್ಲಿ ಅಧಿಕಾರಿಯಾಗಿ ನಡೆಸಿದ ಕ್ರೌರ್ಯಕ್ಕಾಗಿ ಜರ್ಮನ್ ಸರ್ಕಾರವೇ ಕೆಲಸದಿಂದ ತೆಗೆದ ಮನುಷ್ಯ. ಸ್ವಾತಂತ್ರ್ಯಾನಂತರ ಆ ತಂಗುದಾಣಗಳಿಗೆ ಚಾಗಾ ಅರಸರಾದ ಮಂಡಾರಾ ಮತ್ತು ಹೊರೊಂಬೊ ಹೆಸರು ಬಂದವು. 1961ರ ಡಿಸೆಂಬರ್ 9ರಂದು, ಇಂದಿನ ಟಾಂಜಾನಿಯಾದ ಮುಖ್ಯಭೂಮಿಯಾದ ಟಾಂಗನಿಕಾ ಸ್ವತಂತ್ರವಾದ ದಿನ, ಲೆಫ್ಟಿನೆಂಟ್ ಅಲೆಕ್ಸಾಂಡರ್ ನ್ಯಿರೆಂಡಾ ತುದಿಯಲ್ಲಿ ಹೊಸ ರಾಷ್ಟ್ರದ ಧ್ವಜವನ್ನು ನೆಟ್ಟು ಪಂಜು ಹೊತ್ತಿಸಿದರು. ಕೈಸರನ ಹೆಸರು ಹೋಗಿ ಸ್ವಾತಂತ್ರ್ಯದ ಹೆಸರು, ಉಹುರು, ನಿಂತಿತು. 1973ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ 1977ರಲ್ಲಿ ಪ್ರವಾಸಿಗಳಿಗೆ ತೆರೆಯಿತು. 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ದಾರಿಗಳು

ಎಲ್ಲಕ್ಕಿಂತ ಹಳೆಯದು ಆಗ್ನೇಯದ ಮರಂಗು ದಾರಿ. ಟೆಂಟ್ ಇಲ್ಲದೆ ಮರದ ಗುಡಿಸಲುಗಳಲ್ಲಿ ಮಲಗಬಹುದಾದ ದಾರಿ ಇದೊಂದೇ. ಮಂಡಾರಾ (2,720 ಮೀ), ಹೊರೊಂಬೊ (3,720 ಮೀ), ಕಿಬೊ (4,720 ಮೀ) ತಂಗುದಾಣಗಳ ಮೂಲಕ ಕುಂಡದ ಅಂಚಿನ ಗಿಲ್ಮನ್ಸ್ ಪಾಯಿಂಟ್ (5,685 ಮೀ) ಮುಟ್ಟಿ ಉಹುರುಗೆ ಹೋಗುತ್ತದೆ. ಗೈಡ್‌ಗಳ ಬಾಯಲ್ಲಿ ಇದು 'ಕೋಕಾ ಕೋಲಾ' ದಾರಿ, ನೈಋತ್ಯದ ಮಚಾಮೆ 'ವಿಸ್ಕಿ' ದಾರಿ. ಮರಂಗು ಸುಲಭವೆಂಬ ಹೆಸರಿಗೆ ಮರುಳಾಗಿ ಐದೇ ದಿನಕ್ಕೆ ಹೊರಟು ಸೋತವರು ಬಹಳ.

ಮಚಾಮೆ ದಾರಿ ಇಂದು ಹೆಚ್ಚು ಜನ ಹಿಡಿಯುವ ದಾರಿಗಳಲ್ಲಿ ಒಂದು. ದ್ವಾರವೇ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎಂದರೆ, ನಮ್ಮ ಬೆಟ್ಟ ಮುಗಿಯುವಲ್ಲಿ ಈ ಬೆಟ್ಟದ ನಡಿಗೆ ಶುರು. ಕಾಡು ದಾಟಿ ಶಿರಾ ಪ್ರಸ್ಥಭೂಮಿಗೆ ಬಂದ ಮೇಲೆ ಲಾವಾ ಟವರ್ ಎಂಬ ಬಂಡೆಯ ಬಳಿ 4,600 ಮೀಟರ್‌ವರೆಗೆ ಏರಿ, ಅದೇ ಸಂಜೆ 3,960 ಮೀಟರ್‌ನ ಬರಾಂಕೊ ಬಿಡಾರಕ್ಕೆ ಇಳಿಯುತ್ತಾರೆ. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗುವುದೇ ದೇಹವನ್ನು ಎತ್ತರಕ್ಕೆ ಒಗ್ಗಿಸುವ ಮುಖ್ಯ ಉಪಾಯ. ಈ ದಾರಿಯ ಗೆಲುವಿನ ಗುಟ್ಟೂ ಅದೇ. ಮರುದಿನ ಬೆಳಿಗ್ಗೆ ಬರಾಂಕೊ ಗೋಡೆ. ಕೈಯೂರಿ ಹತ್ತಬೇಕಾದ ಈ ಕಡಿದಾದ ಬಂಡೆಯ ಮೇಲೆ ಪ್ರವಾಸಿಗಳು ಒಂದೊಂದು ಹೆಜ್ಜೆಯನ್ನೂ ಅಳೆದು ಇಡುವಾಗ, ತಲೆಯ ಮೇಲೆ ಹೊರೆ ಹೊತ್ತ ಪೋರ್ಟರ್‌ಗಳು ಪಕ್ಕದಲ್ಲೇ ಹತ್ತಿ ಮುಂದಾಗುತ್ತಾರೆ. ಆಮೇಲೆ ಕರಂಗಾ ಕಣಿವೆ, ಕೊನೆಯ ಬಿಡಾರ ಬರಾಫು (4,673 ಮೀ).

ಪಶ್ಚಿಮದ ಲೆಮೋಶೊ ದಾರಿ ಇನ್ನೂ ಉದ್ದ, ಏಳೆಂಟು ದಿನದ್ದು. ನೋಟಕ್ಕೂ ದೇಹಕ್ಕೂ ಎಲ್ಲಕ್ಕಿಂತ ಒಳ್ಳೆಯದೆಂದು ಈ ಲೇಖಕನ ಅಭಿಪ್ರಾಯ. ಉತ್ತರದಲ್ಲಿ ಕೆನ್ಯಾ ಗಡಿಯ ಬಳಿ ಹೊರಡುವ ರೊಂಗಾಯ್ ದಾರಿಯಲ್ಲಿ ಮಳೆ ಕಡಿಮೆ. ಉಂಬ್ವೆ ಕಡಿದಾದ, ಅವಸರದ ದಾರಿ, ಹೊಸಬರಿಗೆ ತಕ್ಕುದಲ್ಲ. ಕುಂಡದ ಪಶ್ಚಿಮ ಬಿರುಕಿನ ಮೂಲಕ ಏರುವ ದಾರಿಯಲ್ಲಿ 2006ರ ಜನವರಿಯಲ್ಲಿ ಕಲ್ಲು ಕುಸಿದು ಮೂವರು ಅಮೆರಿಕನ್ನರು ಸತ್ತರು. ಆ ಮೇಲೆ ಅದನ್ನು ಕೆಲಕಾಲ ಮುಚ್ಚಲಾಗಿತ್ತು. ದಕ್ಷಿಣದ ದಾರಿಗಳಿಂದ ಹತ್ತಿದವರೆಲ್ಲ ಇಳಿಯುವುದು ಮ್ವೆಕಾ ದಾರಿಯಲ್ಲಿ. ಜನವರಿಯಿಂದ ಮಾರ್ಚ್ ಮೊದಲ ಭಾಗ ಮತ್ತು ಜೂನ್‌ನಿಂದ ಅಕ್ಟೋಬರ್ ಒಣ ಕಾಲ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಸುಮಾರಿಗೆ ಸಣ್ಣ ಮಳೆ.

ಗೈಡ್‌ನ ಕೆಲಸ

ದಾರಿ ತೋರಿಸುವುದು ಗೈಡ್‌ನ ಕೆಲಸದಲ್ಲಿ ಸಣ್ಣ ಭಾಗ. ದಾರಿ ಕಾಣುವಂತೆಯೇ ಇರುತ್ತದೆ. ಅವನ ನಿಜವಾದ ಕೆಲಸ ಹಿಂದೆ ಬರುವವರ ಮುಖ ಓದುವುದು. ಯಾರ ನಡಿಗೆ ತೂರಾಡುತ್ತಿದೆ, ಯಾರು ಮಾತು ನಿಲ್ಲಿಸಿದ್ದಾರೆ, ಯಾರ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿಯಿತು, ಯಾರು ನೀರು ಕುಡಿದಿಲ್ಲ ಎಂಬುದನ್ನೆಲ್ಲ ಅವನು ಗಮನಿಸುತ್ತಿರುತ್ತಾನೆ. ಮೊದಲ ದಿನದಿಂದಲೇ ಕೇಳಿಬರುವ ಸ್ವಾಹಿಲಿ ಮಾತು 'ಪೋಲೆ ಪೋಲೆ', ಅಂದರೆ ನಿಧಾನ, ನಿಧಾನ. ಬಯಲಲ್ಲಿ ನಡೆದು ಅಭ್ಯಾಸವಿರುವ ಗಟ್ಟಿಮುಟ್ಟಾದ ತರುಣರಿಗೆ ಈ ವೇಗ ಅವಮಾನದಂತೆ ತೋರಬಹುದು. ಆದರೆ ಉಸಿರು ಮೇಲೆ ಕೆಳಗೆ ಆಗದಷ್ಟು ನಿಧಾನಕ್ಕೆ ನಡೆದವರು ಕೊನೆಯ ರಾತ್ರಿಗೆ ಶಕ್ತಿ ಉಳಿಸಿಕೊಂಡಿರುತ್ತಾರೆ. ಬೆಳಿಗ್ಗೆ ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ರಕ್ತದ ಆಮ್ಲಜನಕವನ್ನು ಅಳೆಯುವುದು ಒಳ್ಳೆಯ ಕಂಪನಿಗಳಲ್ಲಿ ಈಗ ವಾಡಿಕೆಯಾಗಿದೆ.

ಹೆಚ್ಚಿನ ಗೈಡ್‌ಗಳು ಪೋರ್ಟರ್ ಆಗಿ ಶುರು ಮಾಡಿದವರು. ಕೆಲವು ವರ್ಷ ಹೊರೆ ಹೊತ್ತು, ಅಡುಗೆಗೆ ಕೈಜೋಡಿಸಿ, ಇಂಗ್ಲಿಷ್ ಕಲಿತು, ಉದ್ಯಾನದ ತರಬೇತಿ ಮತ್ತು ಪರೀಕ್ಷೆ ಮುಗಿಸಿ ಪರವಾನಗಿ ಪಡೆಯುತ್ತಾರೆ. ಬೆಟ್ಟದ ಬುಡದ ಮ್ವೆಕಾದಲ್ಲಿ 1963ರಲ್ಲಿ ಶುರುವಾದ ವನ್ಯಜೀವಿ ಕಾಲೇಜಿನಲ್ಲಿ ಓದಿದವರೂ ಅವರಲ್ಲಿದ್ದಾರೆ. ಹಿಂದೆ ಗಂಡಸರದೇ ಆಗಿದ್ದ ಈ ಕೆಲಸಕ್ಕೆ ಈಗ ಹೆಂಗಸರೂ ಬರುತ್ತಿದ್ದಾರೆ. ಪೋರ್ಟರ್ ಆಗಿ, ಗೈಡ್ ಆಗಿ ಅವರ ಸಂಖ್ಯೆ ಏರುತ್ತಿದೆ. ಈ ಜನರ ದೇಹಶಕ್ತಿಯ ಒಂದು ಅಳತೆ ಬೇಕಿದ್ದರೆ, ಪ್ರವಾಸಿಗಳು ಆರೇಳು ದಿನ ತೆಗೆದುಕೊಳ್ಳುವ ಬೆಟ್ಟವನ್ನು ಚಾಗಾ ಗೈಡ್ ಸೈಮನ್ ಎಂಟುಯ್ 2004ರಲ್ಲಿ 9 ಗಂಟೆಗೂ ಕಡಿಮೆ ಸಮಯದಲ್ಲಿ ಹತ್ತಿ ಇಳಿದರು.

ಕೊನೆಯ ಬಿಡಾರದಿಂದ ಹೊರಡುವುದು ಮಧ್ಯರಾತ್ರಿಯ ಹೊತ್ತಿಗೆ. ಚಳಿಗೆ ಸಡಿಲ ಜಲ್ಲಿ ಮತ್ತು ಬೂದಿ ಗಟ್ಟಿಯಾಗಿರುವುದರಿಂದ ಕಾಲು ಕಡಿಮೆ ಜಾರುತ್ತದೆ. ಬೆಳಗಿನ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಜೊತೆಗೆ ಅಂದೇ ಬಹಳ ದೂರ ಇಳಿಯಲು ಹಗಲು ಉಳಿಯುತ್ತದೆ. ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಆರೇಳು ಗಂಟೆಗಳ ಏರು. ಉಷ್ಣಾಂಶ ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗೆ ಹೋಗಬಹುದು. ಗೈಡ್‌ಗಳು ಹಾಡುತ್ತಾರೆ. ನಿದ್ದೆಗೆ ಜಾರುವವರನ್ನು ಎಚ್ಚರವಾಗಿಡಲು, ಹೆಜ್ಜೆಗೆ ತಾಳ ಕೊಡಲು ಹಾಡು ಬೇಕು. ಸಹಾಯಕ ಗೈಡ್ ಸೋತವರ ಚೀಲವನ್ನು ತಾನೇ ಹಾಕಿಕೊಳ್ಳುತ್ತಾನೆ, ಚಳಿಗೆ ಮರಗಟ್ಟಿದ ಬೆರಳುಗಳನ್ನು ಬೆಚ್ಚಗಾಗಿಸುತ್ತಾನೆ. ಬರಾಫುವಿನಿಂದ ಬಂದವರು ಕುಂಡದ ಅಂಚು ಮುಟ್ಟುವುದು ಸ್ಟೆಲ್ಲಾ ಪಾಯಿಂಟ್ (5,756 ಮೀ) ಬಳಿ. ಅಲ್ಲಿಂದ ಉಹುರು ಇನ್ನೊಂದು ಗಂಟೆಯ ನಡಿಗೆ. ಈ ರಾತ್ರಿಯಲ್ಲಿ ಗೈಡ್‌ನ ಅತಿ ಕಷ್ಟದ ಮಾತು 'ನೀವು ಇಳಿಯಬೇಕು' ಎಂಬುದು. ಸಾಲ ಮಾಡಿ, ರಜೆ ಕೂಡಿಸಿ, ಸಾವಿರಾರು ಮೈಲು ದಾಟಿ ಬಂದವರಿಗೆ ಅದನ್ನು ಹೇಳಬೇಕು. ಹೇಳಿದ ಗೈಡ್‌ಗೆ ಟಿಪ್ಸ್ ಕಡಿಮೆಯಾಗುವ ಭಯವೂ ಇರುತ್ತದೆ. ಆದರೂ ಹೇಳುವವನು ಒಳ್ಳೆಯ ಗೈಡ್.

ಎತ್ತರದ ಕಾಯಿಲೆ

ಉಹುರು ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸರಿಸುಮಾರು ಅರ್ಧ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳು ಬೇಕು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಸೌಮ್ಯ ಲಕ್ಷಣಗಳು. ಬಹುಪಾಲು ಜನರಿಗೆ ಒಂದಿಷ್ಟಾದರೂ ಬರುತ್ತವೆ. ಮಿದುಳು ಊದಿಕೊಂಡರೆ ತೂರಾಟ, ಗೊಂದಲ, ಅಸಂಬದ್ಧ ಮಾತು. ಶ್ವಾಸಕೋಶದಲ್ಲಿ ನೀರು ತುಂಬಿದರೆ ಕುಳಿತಲ್ಲೇ ಏದುಸಿರು, ಕೆಮ್ಮು, ನೊರೆ ಕಫ. ಇವೆರಡೂ ಗಂಟೆಗಳಲ್ಲಿ ಕೊಲ್ಲಬಲ್ಲವು. ಇವಕ್ಕೆ ಖಚಿತವಾದ ಚಿಕಿತ್ಸೆ ತಕ್ಷಣ ಕೆಳಗಿಳಿಸುವುದು. ಆಮ್ಲಜನಕದ ಸಿಲಿಂಡರ್, ಡೆಕ್ಸಾಮೆಥಾಸೋನ್ ಮುಂತಾದ ಔಷಧಗಳು ಇಳಿಯುವವರೆಗೆ ಜೀವ ಹಿಡಿದಿಡಲು ನೆರವಾಗುತ್ತವೆ, ಇಳಿಯುವುದಕ್ಕೆ ಬದಲಿಯಾಗುವುದಿಲ್ಲ. ನಡೆಯಲಾಗದವರನ್ನು ಒಂಟಿಗಾಲಿಯ ಸ್ಟ್ರೆಚರ್‌ನಲ್ಲಿ ಕಟ್ಟಿ, ಪೋರ್ಟರ್‌ಗಳು ಸುತ್ತಲೂ ಹಿಡಿದುಕೊಂಡು ಕಲ್ಲುದಾರಿಯಲ್ಲಿ ರಾತ್ರಿಯೆಲ್ಲ ಓಡುತ್ತಾರೆ. ಹೆಲಿಕಾಪ್ಟರ್ ಸೇವೆ ಬಂದ ಮೇಲೂ ಮೋಡ ಮುಸುಕಿದ ದಿನ ಪ್ರವಾಸಿಯ ಜೀವ ಇರುವುದು ಈ ಕೈಗಳಲ್ಲೇ.

ಅಸೆಟಜೋಲಮೈಡ್ ಮಾತ್ರೆ, ಅಂದರೆ ಡಯಾಮಾಕ್ಸ್, ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕುಮಾರಪರ್ವತ, ಕುದುರೆಮುಖಗಳನ್ನು ಪದೇ ಪದೇ ಹತ್ತಿದರೆ ಕಾಲು ಮತ್ತು ಎದೆ ಗಟ್ಟಿಯಾಗುತ್ತವೆ, ಇಳಿಯುವಾಗ ಮಂಡಿ ತಡೆಯುತ್ತದೆ. ಆದರೆ ಪಶ್ಚಿಮ ಘಟ್ಟದ ಯಾವ ಬೆಟ್ಟವೂ 3,000 ಮೀಟರ್ ಇಲ್ಲವಾದ್ದರಿಂದ ಎತ್ತರದ ಅಭ್ಯಾಸ ಅಲ್ಲಿ ಸಿಗದು. ವ್ಯಾಯಾಮ ಚೆನ್ನಾಗಿರುವವರಿಗೂ ಎತ್ತರದ ಕಾಯಿಲೆ ಬರುತ್ತದೆ. ವೇಗವಾಗಿ ನಡೆಯಬಲ್ಲರಾದ್ದರಿಂದ ಅವರಿಗೆ ಅಪಾಯ ಕೆಲವೊಮ್ಮೆ ಹೆಚ್ಚು. ಸಮಯವಿರುವವರು ಮೊದಲು ಪಕ್ಕದ ಮೇರು ಪರ್ವತವನ್ನು (4,562 ಮೀ) ಏರಿ ಬರುವುದುಂಟು. ಅಲ್ಲಿ ಕಾಡೆಮ್ಮೆಗಳ ಭಯಕ್ಕೆ ಬಂದೂಕು ಹಿಡಿದ ಅರಣ್ಯ ರಕ್ಷಕರು ಜೊತೆಗೆ ಬರುತ್ತಾರೆ.

ಪೋರ್ಟರ್‌ಗಳ ಬದುಕು

ಬೆಳಿಗ್ಗೆ ಪ್ರವಾಸಿಗಳು ಹೊರಟ ಮೇಲೆ ಪೋರ್ಟರ್‌ಗಳು ಟೆಂಟು ಮಡಚಿ, ಪಾತ್ರೆ ತೊಳೆದು, ಕಸ ಕಟ್ಟಿ, ಹೊರೆ ಹೊತ್ತು ಹೊರಡುತ್ತಾರೆ. ದಾರಿಯಲ್ಲಿ ಪ್ರವಾಸಿಗಳನ್ನು ದಾಟಿ ಮುಂದೆ ಹೋಗಿ, ಅವರು ಬರುವಷ್ಟರಲ್ಲಿ ಮುಂದಿನ ಬಿಡಾರವನ್ನು ಹೂಡಿ ನೀರು ಕಾಯಿಸಿರುತ್ತಾರೆ. ಬರಾಫುವಿನಲ್ಲಿ ನೀರಿಲ್ಲ. ಅಲ್ಲಿ ಪ್ರವಾಸಿ ಕುಡಿಯುವ ಚಹಾದ ನೀರನ್ನು ಕರಂಗಾ ಕಣಿವೆಯಿಂದ ಗಂಟೆಗಟ್ಟಲೆ ಹೊತ್ತು ತಂದಿರುತ್ತಾರೆ. ಶುಂಠಿ ಚಹಾ, ಸೂಪು, ಅನ್ನ, ಬೀನ್ಸ್ ಕಾಳಿನ ಸಾರು, ಪೂರ್ವ ಆಫ್ರಿಕದಲ್ಲಿ ಮನೆಮಾತಾಗಿರುವ ಚಪಾತಿ ಎಲ್ಲವನ್ನೂ ಅಡುಗೆಯವನು ಒಂದೆರಡು ಗ್ಯಾಸ್ ಒಲೆಗಳ ಮೇಲೆ ಮಾಡುತ್ತಾನೆ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ತೊಂದರೆಯಾಗದು.

ಒಬ್ಬ ಪೋರ್ಟರ್ ಹೊರಬಹುದಾದ ತೂಕಕ್ಕೆ ಉದ್ಯಾನ 20 ಕಿಲೋ ಮಿತಿ ಹಾಕಿದೆ. ದ್ವಾರದಲ್ಲಿ ತಕ್ಕಡಿ ಇದೆ, ಸರದಿಯಲ್ಲಿ ನಿಂತು ತೂಗಿಸಬೇಕು. ದ್ವಾರ ದಾಟಿದ ಮೇಲೆ ಒಬ್ಬರ ಹೊರೆಯನ್ನು ಇನ್ನೊಬ್ಬರಿಗೆ ಏರಿಸುವ ಕಂಪನಿಗಳೂ ಇವೆ. ಕಡಿಮೆ ದರಕ್ಕೆ ಆರೋಹಣ ಮಾರುವವರು ಉಳಿತಾಯ ಮಾಡುವುದು ಎಲ್ಲಿ ಎಂದು ನೋಡಬೇಕು. ಉದ್ಯಾನದ ಪ್ರವೇಶ, ಬಿಡಾರ ಮತ್ತು ರಕ್ಷಣಾ ಶುಲ್ಕಗಳು ಎಲ್ಲ ಕಂಪನಿಗಳಿಗೂ ಒಂದೇ; ಖರ್ಚಿನ ದೊಡ್ಡ ಪಾಲು ಅದೇ. ಅದರಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡಲಾಗದು. ಉಳಿಯುವುದು ಪೋರ್ಟರ್‌ನ ಕೂಲಿ, ಊಟ, ಬೂಟು, ಮಲಗುವ ಟೆಂಟು. ಪ್ರವಾಸಿಗೆ ಸಿಕ್ಕ ಅಗ್ಗದ ದರವನ್ನು ತುಂಬಿಕೊಡುವವನು ಹರಿದ ಬೂಟಿನಲ್ಲಿ, ದಿನಕ್ಕೊಂದೇ ಊಟದಲ್ಲಿ ಹತ್ತುವ ಮನುಷ್ಯ. ಈ ಬೆಟ್ಟದಲ್ಲಿ ಚಳಿಗೆ, ಎತ್ತರದ ಕಾಯಿಲೆಗೆ ಪೋರ್ಟರ್‌ಗಳೂ ಸತ್ತಿದ್ದಾರೆ. ಊರಿನವರೆಂದ ಮಾತ್ರಕ್ಕೆ ಅವರ ಶ್ವಾಸಕೋಶ ಬೇರೆಯಲ್ಲ. ಅವರ ಹಳ್ಳಿಗಳೂ 2,000 ಮೀಟರ್‌ಗಿಂತ ಕೆಳಗೇ ಇವೆ.

ಇದನ್ನು ಸರಿಪಡಿಸಲು 2003ರಲ್ಲಿ ಮೋಶಿಯಲ್ಲಿ ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಶುರುವಾಯಿತು. ಚಳಿಗೆ ತಕ್ಕ ಬಟ್ಟೆ ಬೂಟುಗಳನ್ನು ಪೋರ್ಟರ್‌ಗಳಿಗೆ ಎರವಲು ಕೊಡುತ್ತದೆ, ಇಂಗ್ಲಿಷ್ ಮತ್ತು ಪ್ರಥಮ ಚಿಕಿತ್ಸೆ ಕಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೂಲಿ, ಊಟ, ಟಿಪ್ಸ್ ಹಂಚಿಕೆಯನ್ನು ಪೋರ್ಟರ್‌ಗಳಿಂದಲೇ ಕೇಳಿ ತಿಳಿದು, ಸರಿಯಾಗಿ ನಡೆದುಕೊಳ್ಳುವ ಕಂಪನಿಗಳ ಪಟ್ಟಿಯನ್ನು ಬಹಿರಂಗಪಡಿಸುತ್ತದೆ. ದಿನದ ಕನಿಷ್ಠ ಕೂಲಿಯ ಒಪ್ಪಂದ ಹೆಸರಿಗೆ ಇದ್ದರೂ ಅದಕ್ಕಿಂತ ಕಡಿಮೆ ಕೊಡುವ ಕಂಪನಿಗಳು ಉಳಿದಿವೆ. ಹೀಗಾಗಿ ಟಿಪ್ಸ್ ಇಲ್ಲಿ ಸಂತೋಷಕ್ಕೆ ಕೊಡುವ ಹಣವಾಗಿ ಉಳಿದಿಲ್ಲ, ಸಂಬಳದ ಭಾಗವೇ ಆಗಿದೆ. ಕೊನೆಯ ದಿನ ಎಲ್ಲರ ಎದುರು ಮೊತ್ತವನ್ನು ಹೇಳಿ, ಸಾಧ್ಯವಾದರೆ ಪ್ರತಿಯೊಬ್ಬರ ಕೈಗೇ ಕೊಡುವುದು ಸರಿಯಾದ ಕ್ರಮ. 2019ರಲ್ಲಿ ಬೆಟ್ಟಕ್ಕೆ ಕೇಬಲ್ ಕಾರ್ ಹಾಕುವ ಯೋಚನೆಯನ್ನು ಸರ್ಕಾರ ಹೊರಗೆಡಹಿದಾಗ ಮೊದಲು ಎದ್ದು ನಿಂತವರಲ್ಲಿ ಪೋರ್ಟರ್‌ಗಳು ಮತ್ತು ಗೈಡ್‌ಗಳು ಇದ್ದರು. ಸಾವಿರಾರು ಮನೆಗಳ ಒಲೆ ಈ ಕೆಲಸದಿಂದ ಉರಿಯುತ್ತಿದೆ.

ಕರಗುತ್ತಿರುವ ಹಿಮ

1912ರಲ್ಲಿ ಕಿಬೊದ ಮೇಲಿದ್ದ ಹಿಮದ ವಿಸ್ತಾರ ಸುಮಾರು 12 ಚದರ ಕಿಲೋಮೀಟರ್. 2011ರ ಹೊತ್ತಿಗೆ ಅದರಲ್ಲಿ ಶೇಕಡ 85ರಷ್ಟು ಹೋಗಿ, ಉಳಿದದ್ದು ಎರಡು ಚದರ ಕಿಲೋಮೀಟರ್‌ಗೂ ಕಡಿಮೆ. 2000ರಲ್ಲಿ ಹಿಮನದಿ ತಜ್ಞ ಲಾನಿ ಥಾಂಪ್ಸನ್ ತಂಡ ಕೊರೆದು ತೆಗೆದ ಹಿಮದ ಕಂಬದ ತಳಭಾಗ 11,000 ವರ್ಷಕ್ಕಿಂತ ಹಳೆಯದೆಂದು ತಿಳಿಯಿತು. ಅಷ್ಟು ಕಾಲ ನಿಂತದ್ದು ಈಗ ಹೋಗುತ್ತಿದೆ. ಭೂಮಿ ಬಿಸಿಯಾಗುತ್ತಿರುವುದರ ಜೊತೆಗೆ ತುದಿಯಲ್ಲಿ ಹಿಮ ಬೀಳುವುದೇ ಕಡಿಮೆಯಾಗಿರುವುದು, ಒಣ ಗಾಳಿ ಮತ್ತು ಪ್ರಖರ ಬಿಸಿಲಿಗೆ ಮಂಜುಗಡ್ಡೆ ನೀರಾಗದೆ ನೇರವಾಗಿ ಆವಿಯಾಗುವುದು ಇದಕ್ಕೆ ಕಾರಣಗಳು. 2050ರೊಳಗೆ ಇಲ್ಲಿನ ಹಿಮನದಿಗಳು ಇಲ್ಲವಾಗಲಿವೆ ಎಂದು ಯುನೆಸ್ಕೊ 2022ರಲ್ಲಿ ಹೇಳಿತು. ತುದಿಯ ಬಳಿಯ ಫುರ್ಟ್‌ವೆಂಗ್ಲರ್ ಹಿಮನದಿ ಈಗಾಗಲೇ ತುಂಡುತುಂಡಾಗಿದೆ. ಹಿರಿಯ ಗೈಡ್‌ಗಳು ತಮ್ಮ ಹರೆಯದಲ್ಲಿ ದಾರಿಯ ಪಕ್ಕದಲ್ಲೇ ಕಂಡ ಹಿಮದ ಗೋಡೆಗಳು ಹಿಂದೆ ಸರಿದಿವೆ. 2020ರ ಅಕ್ಟೋಬರ್‌ನಲ್ಲಿ ಪೊದೆಗಳ ಬಯಲಿಗೆ ಬೆಂಕಿ ಬಿದ್ದು ಹಲವು ದಿನ ಉರಿಯಿತು. ಮೋಶಿ ಸೀಮೆಯ ನೀರಿನ ದೃಷ್ಟಿಯಿಂದ ಹಿಮಕ್ಕಿಂತ ಹೆಚ್ಚು ಆತಂಕಪಡಬೇಕಾದ ಸಂಗತಿ ಕಾಡು ಮತ್ತು ಪೊದೆಬಯಲಿನ ಈ ನಷ್ಟ. ಪತ್ರಿಕೆಗಳು ಹಿಮದ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆಯುವುದಿಲ್ಲ.

ಹೊರಡುವವರಿಗೆ

ಹೆಚ್ಚು ದಿನಗಳನ್ನು ಇಟ್ಟುಕೊಂಡವರು ಹೆಚ್ಚು ಸಂಖ್ಯೆಯಲ್ಲಿ ತುದಿ ಮುಟ್ಟುತ್ತಾರೆ. ಏಳು ದಿನಕ್ಕಿಂತ ಕಡಿಮೆಯ ಯೋಜನೆಯನ್ನು ಮೊದಲ ಬಾರಿ ಎತ್ತರಕ್ಕೆ ಹೋಗುವವರು ಒಪ್ಪಬಾರದು. ಟಾಂಜಾನಿಯಾ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿರುವುದರಿಂದ ಅವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಉಹುರು ಮುಟ್ಟಿದವರಿಗೆ ಇಳಿದ ಮೇಲೆ ದ್ವಾರದಲ್ಲಿ ಚಿನ್ನದ ಬಣ್ಣದ ಪ್ರಮಾಣಪತ್ರ, ಕುಂಡದ ಅಂಚಿನವರೆಗೆ ಹೋದವರಿಗೆ ಹಸಿರು ಪ್ರಮಾಣಪತ್ರ ಸಿಗುತ್ತದೆ. ಅದರ ಮೇಲೆ ಗೈಡ್‌ನ ಸಹಿಯೂ ಇರುತ್ತದೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ದುಬೈ ಅಮೆರಿಕಗಳಿಂದಲೋ ಈ ಬೆಟ್ಟಕ್ಕೆ ಹೊರಡುವ ಕನ್ನಡಿಗರು ಹಣ ಕಟ್ಟುವ ಮೊದಲು ಕಂಪನಿಗೆ ಕೆಲವು ಪ್ರಶ್ನೆ ಕೇಳಿ. ಪೋರ್ಟರ್‌ಗೆ ದಿನದ ಕೂಲಿ ಎಷ್ಟು, ಬೆಟ್ಟ ಇಳಿದ ಎಷ್ಟು ದಿನಕ್ಕೆ ಕೊಡುತ್ತೀರಿ? ದಿನಕ್ಕೆ ಎಷ್ಟು ಊಟ? ಅವರು ಮಲಗುವುದು ಎಲ್ಲಿ? ಅವರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಕೆಳಗಿಳಿಸುವವರು ಯಾರು, ಆಸ್ಪತ್ರೆಯ ಖರ್ಚು ಯಾರದು? ಇವಕ್ಕೆ ನೇರ ಉತ್ತರ ಕೊಡದ ಕಂಪನಿಯನ್ನು, ದರ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಿ.